ಮೀನಿನ ಮೈಯೊಳಗೆ ಗುರುತುಬಿಲ್ಲೆ



ಮುಂಗಾರಿನ ಮೊದಲ ಜಡಿಮಳೆ ಹಿಡಿದ ರಾತ್ರಿ ಮಲೆನಾಡಿನ ಹಳ್ಳಿಗಳಲ್ಲಿ ಏನು ನಡೆಯುತ್ತದೆ ಎಂಬುದನ್ನು ಆ ಸೀಮೆಯವರಿಗೆ ನಾನು ಹೇಳಬೇಕಾದ್ದಿಲ್ಲ. ಹಳ್ಳದ ನೀರು ಕೆಂಪಗಾಗಿ ಗದ್ದೆಯ ಬದುವನ್ನು ಮುಟ್ಟುತ್ತದೆ. ಆ ನೀರಿಗೆ ಇದಿರಾಗಿ ಮೀನು ಹತ್ತುತ್ತದೆ. ಸೂಡಿ ಹಚ್ಚಿಕೊಂಡು, ಕತ್ತಿ ಹಿಡಿದುಕೊಂಡು ಮನೆಮಂದಿ ಗದ್ದೆಗೆ ಇಳಿಯುತ್ತಾರೆ. ಹತ್ತುಮೀನು ಎಂದೇ ಅದಕ್ಕೆ ಹೆಸರು. ಮೊಟ್ಟೆ ತುಂಬಿಕೊಂಡು ಬಂದ ಮೀನನ್ನು ಹಾಗೆ ಕಡಿಯುವುದು ಸರಿಯೇ ಎಂಬುದು ಬೇರೆ ಮಾತು; ಅದನ್ನು ಇನ್ನೊಂದು ದಿನ ಆಡೋಣ. ಈ ಹೊತ್ತಿನ ಮಾತು ಯಾವುದೆಂದರೆ, ಇಂಥ ಒಂದು ಊರಿನಲ್ಲಿ ಹಿರಿಯರೊಬ್ಬರು ನನ್ನನ್ನು ಕೇಳಿದ ಪ್ರಶ್ನೆ. "ಅಲ್ಲ ಸ್ವಾಮಿ, ಈ ಮೀನು ಎಲ್ಲಿಂದ ಹೊರಟಿತು? ಎಲ್ಲಿಗೆ ಹೋಗ್ತದೆ? ಹೋದ ವರ್ಷ ಕತ್ತಿಗೆ ಸಿಕ್ಕದೆ ಉಳಿದದ್ದೇ ಈ ವರ್ಷವೂ ಬಂತೋ, ಇದು ಬೇರೆಯದೋ? ಎಲ್ಲಾದರೂ ಯಾರಾದರೂ ಕಂಡುಕೊಂಡಿದ್ದಾರೋ?" ಎಂದರು.

ಆ ದಿನ ನನ್ನಲ್ಲಿ ಜವಾಬು ಇರಲಿಲ್ಲ. ಆಮೇಲೆ ಓದಿ ನೋಡಿದೆ. ಬೇರೆ ದೇಶದ ಒಂದು ನದಿಯಲ್ಲಿ ಇದೇ ಪ್ರಶ್ನೆಯನ್ನು ಹಿಡಿದುಕೊಂಡು ಎಪ್ಪತ್ತು ವರ್ಷಗಳಿಂದ ಕೆಲಸ ನಡೆದಿದೆ. ಆ ಕಥೆಯನ್ನು ನಿಮಗೆ ಹೇಳಬೇಕೆಂದಿದ್ದೇನೆ.

ನಮ್ಮ ಹಸು ಎಮ್ಮೆಗಳಿಗೆ ಈಗ ಹನ್ನೆರಡು ಅಂಕಿಯ ಕಿವಿಯೋಲೆ ಹಾಕುತ್ತೇವಷ್ಟೆ. ಆ ಅಂಕಿ ನೋಡಿದರೆ ಹಸು ಯಾರದು, ಯಾವಾಗ ಲಸಿಕೆ ಬಿತ್ತು ಎಂಬುದೆಲ್ಲ ತಿಳಿಯುತ್ತದೆ. ಮೀನಿಗೂ ಹಾಗೆ ಗುರುತು ಕಟ್ಟಬೇಕೆಂಬ ಯೋಚನೆ ಹೊಸದಲ್ಲ. ಸಾಲ್ಮನ್ ಮರಿಗಳ ಬಾಲಕ್ಕೆ ರಿಬ್ಬನ್ ಕಟ್ಟಿ ಬಿಟ್ಟು, ಅವು ಸಮುದ್ರದಿಂದ ಅದೇ ಜಾಗಕ್ಕೆ ಮರಳಿದ್ದನ್ನು ಕಂಡರೆಂಬ ಸಂಗತಿ 1653ರಲ್ಲಿ ಇಂಗ್ಲೆಂಡಿನ ಐಸಾಕ್ ವಾಲ್ಟನ್ ಬರೆದ ಗಾಳದ ಪುಸ್ತಕದಲ್ಲೇ ಬರುತ್ತದೆ. 1870ರ ದಶಕದಲ್ಲಿ ಅಮೆರಿಕದ ಮೇನ್ ಸೀಮೆಯ ಪೆನೋಬ್ಸ್ಕಾಟ್ ನದಿಯಲ್ಲಿ ಚಾರ್ಲ್ಸ್ ಅಟ್ಕಿನ್ಸ್ ಎಂಬವರು ಸಾಲ್ಮನ್ ಮೀನುಗಳಿಗೆ ಗುರುತು ಕಟ್ಟಿ ಬಿಟ್ಟರು. ಆಮೇಲೆ ನಂಬರು ಕೆತ್ತಿದ ಬಿಲ್ಲೆ, ಬೆನ್ನಿಗೆ ಚುಚ್ಚುವ ಪ್ಲಾಸ್ಟಿಕ್ ದಾರ, ಈಜುರೆಕ್ಕೆಯ ತುದಿ ಕತ್ತರಿಸುವುದು ಇವೆಲ್ಲ ಬಂದವು. ಇವತ್ತೂ ಇವೆ.

ಆದರೆ ಈ ಹಳೆಯ ಗುರುತಿನಲ್ಲಿ ಒಂದು ಕೊರತೆ ಉಂಟು. ಹರಿಹರದಲ್ಲಿ ರೈಲು ಹತ್ತಿದ ಮನುಷ್ಯ ತಿಂಗಳ ಮೇಲೆ ಪುಣೆಯಲ್ಲಿ ಸಿಕ್ಕಿದ ಅಂತ ಇಟ್ಟುಕೊಳ್ಳಿ. ಹತ್ತಿದ್ದು ಗೊತ್ತು, ಸಿಕ್ಕಿದ್ದು ಗೊತ್ತು; ನಡುವೆ ಎಲ್ಲಿ ಇಳಿದ, ಎಷ್ಟು ದಿನ ತಂಗಿದ ಎಂಬುದು ಗೊತ್ತಿಲ್ಲ. ಮೀನಿನ ವಿಷಯದಲ್ಲಿ ಇನ್ನೂ ಕಷ್ಟ. ಸಾವಿರ ಮೀನಿಗೆ ಬಿಲ್ಲೆ ಕಟ್ಟಿ ಬಿಟ್ಟು, ಬಲೆಗೆ ಹತ್ತು ಸಿಕ್ಕಿದರೆ ಉಳಿದ ಒಂಬೈನೂರ ತೊಂಬತ್ತು ಸತ್ತವೋ, ಸಮುದ್ರದಲ್ಲಿವೆಯೋ, ಸಿಕ್ಕಿದವನು ಬಿಲ್ಲೆ ಕಿತ್ತು ಎಸೆದನೋ, ಹೇಳುವ ಹಾಗಿಲ್ಲ. ಎಲ್ಲಿ ಸತ್ತವು ಎಂಬುದಂತೂ ಸುತರಾಂ ತಿಳಿಯದು. ಮೀನು ಎಲ್ಲಿ ಸಾಯುತ್ತದೆ ಎಂದು ಗೊತ್ತಾಗದೆ ಅದನ್ನು ಉಳಿಸುವುದು ಹೇಗೆ?

ಈಗ ಕೊಲಂಬಿಯಾ ನದಿಯ ಮಾತಿಗೆ ಬರೋಣ. ಈ ನದಿ ಕೆನಡಾ ದೇಶದ ಬೆಟ್ಟಗಳಲ್ಲಿ ಹುಟ್ಟಿ, ಅಮೆರಿಕದ ವಾಷಿಂಗ್ಟನ್ ಮತ್ತು ಆರೆಗನ್ ರಾಜ್ಯಗಳ ಗಡಿಯಾಗಿ ಹರಿದು, ಸುಮಾರು 2,000 ಕಿಲೋಮೀಟರ್ ಸಾಗಿ ಪೆಸಿಫಿಕ್ ಸಾಗರ ಸೇರುತ್ತದೆ. ಸ್ನೇಕ್ ಎಂಬುದು ಇದರ ದೊಡ್ಡ ಉಪನದಿ. ಇಲ್ಲಿಯ ಸಾಲ್ಮನ್ ಮೀನಿನ ಬಾಳು ವಿಚಿತ್ರವಾದದ್ದು. ಬೆಟ್ಟದ ತಣ್ಣನೆಯ ತೊರೆಯಲ್ಲಿ ಮೊಟ್ಟೆಯೊಡೆದು ಹುಟ್ಟುತ್ತದೆ. ಬೆರಳುದ್ದ ಆದಮೇಲೆ ಹೊಳೆಯ ಜೊತೆ ಇಳಿದು ಸಮುದ್ರಕ್ಕೆ ಹೋಗುತ್ತದೆ. ಅಲ್ಲಿ ಕೆಲವು ವರ್ಷ ತಿಂದು ಬೆಳೆದು, ಮತ್ತೆ ತಾನು ಹುಟ್ಟಿದ ತೊರೆಯನ್ನೇ ಹುಡುಕಿಕೊಂಡು ಹತ್ತಿ ಬಂದು, ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ನಮ್ಮ ಹತ್ತುಮೀನು ಗದ್ದೆ ಹತ್ತಿದರೆ ಇದು ಬೆಟ್ಟವನ್ನೇ ಹತ್ತುತ್ತದೆ. ಐಡಹೋ ರಾಜ್ಯದ ರೆಡ್‌ಫಿಶ್ ಸರೋವರಕ್ಕೆ ಹೋಗುವ ಸಾಕೈ ಜಾತಿಯ ಸಾಲ್ಮನ್ ಸಮುದ್ರದಿಂದ ಸುಮಾರು 1,450 ಕಿಲೋಮೀಟರ್ ಈಜಿ, ಸುಮಾರು 2,000 ಮೀಟರ್ ಎತ್ತರಕ್ಕೆ ಏರಬೇಕು. ಹೊಳೆಗೆ ಬಂದಮೇಲೆ ಅದು ಆಹಾರ ತಿನ್ನುವುದಿಲ್ಲ. ಮೈಯಲ್ಲಿದ್ದ ಕೊಬ್ಬಿನಲ್ಲೇ ಅಷ್ಟು ದಾರಿ ಸವೆಸಬೇಕು.

ಈ ದಾರಿಯಲ್ಲಿ ಅಣೆಕಟ್ಟುಗಳು ಬಂದವು. 1938ರಲ್ಲಿ ಬಾನವಿಲ್ ಅಣೆಕಟ್ಟು. ಅಲ್ಲಿ ಮೀನು ಹತ್ತಲೆಂದು ಮೊದಲಿನಿಂದಲೇ ಮೆಟ್ಟಿಲು ಕಟ್ಟಿದರು. ಮೆಟ್ಟಿಲು ಅಂದರೆ ಒಂದರ ಮೇಲೊಂದು ಸಣ್ಣ ನೀರಿನ ತೊಟ್ಟಿಗಳು, ಮೀನು ಒಂದರಿಂದ ಇನ್ನೊಂದಕ್ಕೆ ದಾಟುತ್ತಾ ಮೇಲೇರುತ್ತದೆ. ಆದರೆ ಮೇಲ್ಗಡೆ 1940ರ ದಶಕದ ಆರಂಭದಲ್ಲಿ ಮುಗಿದ ಗ್ರ್ಯಾಂಡ್ ಕೂಲೀ ಅಣೆಕಟ್ಟಿಗೆ ಮೆಟ್ಟಿಲೇ ಇಲ್ಲ. ಅಲ್ಲಿಂದಾಚೆಯ ನದಿ ಸಾಲ್ಮನ್ನಿಗೆ ಮುಚ್ಚಿಹೋಯಿತು. 1957ರಲ್ಲಿ ಡ್ಯಾಲ್ಸ್ ಅಣೆಕಟ್ಟಿನ ನೀರು ಏರಿದಾಗ ಸಿಲೈಲೋ ಎಂಬ ಜಲಪಾತ ಮುಳುಗಿತು. ಅಲ್ಲಿಯ ಮೂಲನಿವಾಸಿ ಜನ ಸಾವಿರಾರು ವರ್ಷಗಳಿಂದ ಅಟ್ಟಣೆ ಕಟ್ಟಿ, ಕೈಬಲೆಯಲ್ಲಿ ಸಾಲ್ಮನ್ ಹಿಡಿಯುತ್ತಿದ್ದ ಜಾಗ ಅದು. ಮೀನು ಹಿಡಿಯುವ ಹಕ್ಕು ನಿಮ್ಮದೇ ಎಂದು 1855ರ ಒಪ್ಪಂದಗಳಲ್ಲಿ ಸರ್ಕಾರ ಅವರಿಗೆ ಬರೆದುಕೊಟ್ಟಿತ್ತು. ಹಕ್ಕು ಕಾಗದದಲ್ಲಿ ಉಳಿಯಿತು. ಮೀನು ಕಡಿಮೆಯಾಗುತ್ತಾ ಬಂತು. 1962ರಿಂದ 1975ರ ಒಳಗೆ ಸ್ನೇಕ್ ನದಿಯ ಕೆಳಭಾಗದಲ್ಲಿ ಇನ್ನೂ ನಾಲ್ಕು ಕಟ್ಟೆಗಳು ಎದ್ದವು. ರೆಡ್‌ಫಿಶ್ ಸರೋವರದ ಮೀನು ಈಗ ಹೋಗುವಾಗ ಎಂಟು, ಬರುವಾಗ ಎಂಟು ಅಣೆಕಟ್ಟು ದಾಟಬೇಕು. 1992ರಲ್ಲಿ ಆ ಸರೋವರಕ್ಕೆ ಮರಳಿದ ಸಾಕೈ ಮೀನು ಎಷ್ಟು ಗೊತ್ತೇ? ಒಂದೇ ಒಂದು ಗಂಡುಮೀನು. 1991ರಿಂದ 1998ರವರೆಗೆ ಎಲ್ಲ ಕೂಡಿ ಹದಿನಾರು. ಅವನ್ನೆಲ್ಲ ಹಿಡಿದು, ತೊಟ್ಟಿಯಲ್ಲಿ ಸಾಕಿ, ಮರಿ ಮಾಡಿಸಿ, ಸಂತತಿಯನ್ನು ಉಳಿಸಬೇಕಾಯಿತು.

ಇಂಥ ಹೊತ್ತಿನಲ್ಲಿ "ಎಲ್ಲಿ ಸಾಯುತ್ತಿದೆ?" ಎಂಬ ಪ್ರಶ್ನೆ ಬರೀ ಕುತೂಹಲದ್ದಲ್ಲ. ವಿದ್ಯುತ್ತಿನವರು ಸಮುದ್ರದ ಕಡೆ ಬೆರಳು ತೋರಿಸುತ್ತಾರೆ; ಮೀನಿನವರು ಕಟ್ಟೆಯ ಕಡೆ ತೋರಿಸುತ್ತಾರೆ; ಇನ್ನು ಕೆಲವರು ಹಕ್ಕಿಯನ್ನು ದೂರುತ್ತಾರೆ. ತೀರ್ಮಾನ ಹೇಳಬಲ್ಲವನು ಮೀನೊಬ್ಬನೇ, ಅವನಿಗೋ ಬಾಯಿಲ್ಲ.

ಬಾಯಿ ಕೊಟ್ಟದ್ದು ಎರಡು ಬಗೆಯ ಬಿಲ್ಲೆಗಳು. ಒಂದು ಮೂಕಬಿಲ್ಲೆ, ಇನ್ನೊಂದು ಕೂಗುಬಿಲ್ಲೆ. ಈ ಹೆಸರುಗಳು ನಾನು ಇಟ್ಟದ್ದು. ತಿಳಿಯುವುದಕ್ಕೆ ಸುಲಭವಾಗಲಿ ಅಂತ.

ಮೂಕಬಿಲ್ಲೆಗೆ ಅವರು ಪಿಟ್ ಟ್ಯಾಗ್ ಎನ್ನುತ್ತಾರೆ. 12 ಮಿಲಿಮೀಟರ್ ಉದ್ದ, 2 ಮಿಲಿಮೀಟರ್ ದಪ್ಪ, ಉದ್ದನೆಯ ಅಕ್ಕಿಕಾಳಿಗಿಂತ ತುಸು ದೊಡ್ಡದು. ತೂಕ ಒಂದು ಗ್ರಾಮಿನ ಹತ್ತನೆಯ ಒಂದು ಭಾಗ. ಗಾಜಿನ ಕೊಳವೆಯೊಳಗೆ ಸಣ್ಣ ತಂತಿಯ ಸುರುಳಿ, ಒಂದು ಚಿಪ್ಪು, ಅಷ್ಟೇ. ಬ್ಯಾಟರಿ ಇಲ್ಲ. ಹಾಗಾದರೆ ಅದು ಮಾತಾಡುವುದು ಹೇಗೆ? ಮೀನು ಹಾದುಹೋಗುವ ಕಿಂಡಿಯ ಸುತ್ತ ದೊಡ್ಡ ತಂತಿಯ ಉಂಗುರ ಇಟ್ಟಿರುತ್ತಾರೆ. ಅದರಲ್ಲಿ ವಿದ್ಯುತ್ತು ಓಡುತ್ತಿರುತ್ತದೆ. ಮೀನು ಉಂಗುರದೊಳಗೆ ನುಗ್ಗಿದಾಗ ಆ ಉಂಗುರದ ಕಾಂತಶಕ್ತಿ ಬಿಲ್ಲೆಯ ಸುರುಳಿಯಲ್ಲಿ ಚೂರು ವಿದ್ಯುತ್ತು ಹುಟ್ಟಿಸುತ್ತದೆ. ಆ ಚೂರು ಶಕ್ತಿಯಲ್ಲೇ ಚಿಪ್ಪು ಎದ್ದು ತನ್ನ ನಂಬರು ಹೇಳಿ ಮತ್ತೆ ಮಲಗುತ್ತದೆ. ಬ್ಯಾಟರಿ ಇಲ್ಲದ್ದರಿಂದ ಸವೆಯುವುದೂ ಇಲ್ಲ. ಮೀನು ಬದುಕಿರುವಷ್ಟು ಕಾಲವೂ, ಸತ್ತಮೇಲೂ, ಕೇಳಿದರೆ ನಂಬರು ಹೇಳುತ್ತದೆ. ಕೊರತೆ ಏನೆಂದರೆ ಹತ್ತಿರ ಬರಬೇಕು. ಗೇಣು, ಮೊಳ, ಅಷ್ಟರೊಳಗೆ ಬಂದರೆ ಮಾತ್ರ ಕೇಳಿಸುತ್ತದೆ. ಆದ್ದರಿಂದ ಇದು ನಡುನೀರಿಗೆ ಹೇಳಿಸಿದ್ದಲ್ಲ. ಮೀನಿನ ಮೆಟ್ಟಿಲಿನಂಥ ಇಕ್ಕಟ್ಟು ದಾರಿಗೆ ಸರಿ.

1980ರ ದಶಕದಲ್ಲಿ ಕೊಲಂಬಿಯಾದಲ್ಲಿ ಇದನ್ನು ಸಾಲ್ಮನ್ ಮರಿಗಳಿಗೆ ಹಾಕತೊಡಗಿದರು. ಈಗ ವರ್ಷವರ್ಷವೂ ಲಕ್ಷಗಟ್ಟಲೆ ಮರಿಗಳ ಹೊಟ್ಟೆಗೆ ಸೂಜಿಯಿಂದ ಚುಚ್ಚಿ ಸೇರಿಸುತ್ತಾರೆ. ಅಣೆಕಟ್ಟುಗಳ ಮೆಟ್ಟಿಲುಗಳಲ್ಲಿ ಉಂಗುರಗಳಿವೆ. ಹಾದುಹೋದ ಪ್ರತಿ ನಂಬರೂ ಹೊತ್ತು ಗಳಿಗೆ ಸಹಿತ ಒಂದೇ ಕಡತಕ್ಕೆ ಹೋಗಿ ಸೇರುತ್ತದೆ. ಆ ಕಡತವನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಈ ಕೊನೆಯ ಮಾತು ನನಗೆ ಬಹಳ ಹಿಡಿಸಿತು. ಜಗಳವಾಡುವ ಎರಡು ಪಕ್ಷದವರೂ ಒಂದೇ ಲೆಕ್ಕದ ಪುಸ್ತಕ ನೋಡುತ್ತಾರೆ ಎಂದಾಯಿತು.

ಇದರಿಂದ ಏನು ಉಪಯೋಗವಾಯಿತು ಎಂಬುದಕ್ಕೆ 2015ರ ಬೇಸಿಗೆಯೇ ಸಾಕ್ಷಿ. ಆ ವರ್ಷ ಬೆಟ್ಟದಲ್ಲಿ ಹಿಮ ಕಡಿಮೆ, ಬಿಸಿಲು ಜಾಸ್ತಿ. ಜೂನ್ ಜುಲೈ ಹೊತ್ತಿಗೆ ನದಿಯ ನೀರು 21 ಡಿಗ್ರಿ ದಾಟಿತು. ನಮ್ಮ ರೋಹು ಕಾಟ್ಲಾಗಳಿಗೆ ಅದು ತಂಪು ನೀರೇ ಸರಿ; ಸಾಕೈ ಮೀನಿಗೆ ಅದು ಜ್ವರ ಬಂದ ಹಾಗೆ. ಬಾನವಿಲ್ಲಿನ ಮೆಟ್ಟಿಲ ಬದಿಗೆ ಗಾಜಿನ ಕಿಟಕಿ ಇದೆ. 1938ರಿಂದಲೂ ಅಲ್ಲಿ ಹಾದುಹೋಗುವ ಮೀನನ್ನು ಎಣಿಸುತ್ತಾ ಬಂದಿದ್ದಾರೆ. ಆ ವರ್ಷ ಕಿಟಕಿಯ ಎಣಿಕೆ ಚೆನ್ನಾಗಿಯೇ ಇತ್ತು. ಸುಮಾರು ಐದು ಲಕ್ಷ ಸಾಕೈ ದಾಟಿದವು. ಕಿಟಕಿಯಲ್ಲಿ ಕೂತವನಿಗೆ ಎಲ್ಲ ಸಾಕೈಯೂ ಒಂದೇ ಥರ. ಯಾವುದು ಕೆನಡಾ ಕಡೆಯದು, ಯಾವುದು ಐಡಹೋದ ಬಡಪಾಯಿ ಎಂದು ಅವನು ಹೇಳಲಾರ. ಬಿಲ್ಲೆ ಹೇಳಿತು. ಐಡಹೋದ ನಂಬರುಗಳು ಬಾನವಿಲ್ಲಿನಲ್ಲಿ ಕೇಳಿದವು. ಮುಂದಿನ ಕಟ್ಟೆಯಲ್ಲಿ ಕಡಿಮೆ. ಅದರ ಮುಂದೆ ಇನ್ನೂ ಕಡಿಮೆ. ಸ್ನೇಕ್ ನದಿ ಸೇರುವಷ್ಟರಲ್ಲಿ ಒಂದೊಂದೇ ಸುಮ್ಮನಾದವು. ಕೊನೆಗೆ ತಾವಾಗಿ ಊರು ಮುಟ್ಟಿದವು ನೂರಕ್ಕೆ ಒಂದೋ ಎರಡೋ. ಆ ವರ್ಷ ನದಿಯಲ್ಲಿ ಒಟ್ಟು ಸತ್ತ ಸಾಕೈ ಎರಡೂವರೆ ಲಕ್ಷದ ಮೇಲೆ ಎಂದು ಅಂದಾಜು.

ಎಣಿಕೆ ಅಷ್ಟಕ್ಕೇ ನಿಲ್ಲಲಿಲ್ಲ. ಕಟ್ಟೆಯ ಹಿಂದಿನ ಮೇಲ್ನೀರು ಬಿಸಿ, ಮೆಟ್ಟಿಲಿಗೆ ಬರುತ್ತಿದ್ದುದೂ ಆ ಮೇಲ್ನೀರೇ. ಮೀನು ಮೆಟ್ಟಿಲ ಬುಡಕ್ಕೆ ಬಂದು ಬಿಸಿ ತಾಗಿ ಹಿಂದೆ ಸರಿಯುತ್ತಿತ್ತು. ಆಮೇಲೆ ಲೋಯರ್ ಗ್ರಾನೈಟ್ ಎಂಬ ಕಟ್ಟೆಯಲ್ಲಿ ಆಳದ ತಣ್ಣೀರನ್ನು ಎಳೆದು ಮೆಟ್ಟಿಲಿಗೆ ಬಿಡುವ ಖಾಯಂ ಏರ್ಪಾಟು ಮಾಡಿದರು. ಕೆರೆ ನೀರಿನ ಮೇಲೆ ಬಿಸಿ, ತಳದಲ್ಲಿ ತಂಪು ಎಂಬುದು ಈಜು ಬಲ್ಲ ಹುಡುಗರಿಗೂ ಗೊತ್ತು. ಎಲ್ಲಿ ಅದನ್ನು ಬಳಸಬೇಕೆಂದು ತೋರಿಸಲು ಬಿಲ್ಲೆ ಬೇಕಾಯಿತು.

ಇನ್ನೊಂದು ಸಂಗತಿ ಹೇಳುತ್ತೇನೆ, ಕೇಳಿದರೆ ನಗು ಬರುತ್ತದೆ. ನದಿ ಸಮುದ್ರ ಸೇರುವ ಕಡೆ ಹೂಳೆತ್ತಿ ಸುರಿದ ಮಣ್ಣಿನಿಂದಾದ ರೈಸ್ ಎಂಬ ದ್ವೀಪವಿದೆ. ಅಲ್ಲಿ ಕ್ಯಾಸ್ಪಿಯನ್ ಟರ್ನ್ ಎಂಬ ಕಡಲ ಹಕ್ಕಿಗಳು ಸಾವಿರಾರು ಗೂಡು ಮಾಡಿದ್ದವು. ಹಕ್ಕಿ ಸಾಲ್ಮನ್ ಮರಿ ನುಂಗುತ್ತದೆ. ಮರಿ ಅರಗುತ್ತದೆ, ಗಾಜಿನ ಬಿಲ್ಲೆ ಅರಗುವುದಿಲ್ಲ. ಹಿಕ್ಕೆಯ ಜೊತೆ ನೆಲಕ್ಕೆ ಬೀಳುತ್ತದೆ. ಹಕ್ಕಿಗಳು ಹಾರಿಹೋದಮೇಲೆ ಸಂಶೋಧಕರು ಯಂತ್ರ ಹಿಡಿದು ದ್ವೀಪವನ್ನೆಲ್ಲ ನಡೆದರು. ಮರಳೊಳಗಿಂದ ಬಿಲ್ಲೆಗಳು ಒಂದೊಂದಾಗಿ ನಂಬರು ಹೇಳಿದವು. ಇದು ಇಂಥ ಮರಿಕೇಂದ್ರದ್ದು, ಇಂಥ ದಿನ ಬಿಟ್ಟದ್ದು, ಎಂಟು ಕಟ್ಟೆ ದಾಟಿ ಬಂದು ಸಮುದ್ರದ ಬಾಗಿಲಲ್ಲಿ ಹಕ್ಕಿಯ ಬಾಯಿಗೆ ಬಿತ್ತು ಎಂದು ಜಾತಕವೇ ಸಿಕ್ಕಿತು. ಹಕ್ಕಿಗಳು ಕೊಕ್ಕಿನಲ್ಲಿ ಕಚ್ಚಿ ತರುವ ಮೀನನ್ನೂ ಬೇರೆಯಾಗಿ ಎಣಿಸಿ ಲೆಕ್ಕ ಹಾಕಿದಾಗ, 1998ರ ಒಂದೇ ವರ್ಷ ಆ ದ್ವೀಪದ ಹಕ್ಕಿಗಳು ತಿಂದ ಸಾಲ್ಮನ್ ಮರಿಗಳು ಸುಮಾರು 1.2 ಕೋಟಿ ಎಂದು ಅಂದಾಜಾಯಿತು. ಹಕ್ಕಿಯನ್ನು ಕೊಲ್ಲಲಿಲ್ಲ. ಸಮುದ್ರಕ್ಕೆ ಇನ್ನೂ ಹತ್ತಿರದ ಈಸ್ಟ್ ಸ್ಯಾಂಡ್ ಎಂಬ ದ್ವೀಪದಲ್ಲಿ ಗೂಡಿಗೆ ಜಾಗ ಮಾಡಿ, ಅಲ್ಲಿ ಹಕ್ಕಿಯ ಗೊಂಬೆಗಳನ್ನಿಟ್ಟು, ಕೂಗು ಕೇಳಿಸಿ, 1999ರಿಂದ 2001ರ ಒಳಗೆ ಅವನ್ನು ಅಲ್ಲಿಗೆ ಎಳೆದರು. ಅಲ್ಲಿ ಕಡಲ ಮೀನು ಹೆಚ್ಚು ಸಿಕ್ಕುವುದರಿಂದ ಅವು ತಿನ್ನುವ ಸಾಲ್ಮನ್ ಮರಿಗಳ ಪಾಲು ಇಳಿಯಿತು.

ಇನ್ನು ಕೂಗುಬಿಲ್ಲೆ. ಇದರಲ್ಲಿ ಬ್ಯಾಟರಿ ಉಂಟು. ಕೆಲವು ಸೆಕೆಂಡಿಗೊಮ್ಮೆ ಕೂಗು ಹಾಕುತ್ತದೆ; ಮನುಷ್ಯನ ಕಿವಿಗೆ ಕೇಳದಷ್ಟು ಕೀರಲು. ಪ್ರತಿ ಬಿಲ್ಲೆಯ ಕೂಗೂ ಬೇರೆ. ಇಂಥದನ್ನು ಮೀನಿಗೆ ಕಟ್ಟಿ ಹಿಂಬಾಲಿಸಿದ ವರದಿಯನ್ನು ಅಮೆರಿಕದ ಮೀನು ಮತ್ತು ವನ್ಯಜೀವಿ ಇಲಾಖೆಯ ಟ್ರೆಫೆದನ್ ಎಂಬವರು 1956ರಲ್ಲಿ ಪ್ರಕಟಿಸಿದರು. ಆಗಿನದು ದೊಡ್ಡ ಮೀನು ಮಾತ್ರ ಹೊರಬಲ್ಲ ಗಾತ್ರದ್ದು. ಈಗಿನದು, ಅಣೆಕಟ್ಟಿನ ಕೆಲಸಕ್ಕೆಂದೇ ಮಾಡಿದ್ದು, 15 ಮಿಲಿಮೀಟರ್ ಉದ್ದ, ಒಂದು ಗ್ರಾಮಿನ ಕಾಲುಭಾಗಕ್ಕಿಂತ ಕಡಿಮೆ ತೂಕ. ಮೂರು ನಾಲ್ಕು ತಿಂಗಳು ಕೂಗಿ ಆಮೇಲೆ ಬ್ಯಾಟರಿ ತೀರುತ್ತದೆ.

ರೇಡಿಯೋ ಅಲೆ ಇರುವಾಗ ಕೂಗು ಯಾಕೆ ಅಂತ ಕೇಳಬಹುದು. ಸರಿಯಾದ ಪ್ರಶ್ನೆಯೇ. ರೇಡಿಯೋ ಅಲೆ ಗಾಳಿಯಲ್ಲಿ ಎಷ್ಟೋ ದೂರ ಓಡುತ್ತದೆ. ಉಪ್ಪುನೀರಿನಲ್ಲಿ ಮಾತ್ರ ಕೂಡಲೇ ಹೀರಿಹೋಗುತ್ತದೆ. ಆಳವಾದ ಸಿಹಿನೀರಿನಲ್ಲೂ ಸೋಲುತ್ತದೆ. ತೆಳುನೀರಿನ ಬೆಟ್ಟದ ಹೊಳೆಗೆ ಅದು ಚೆನ್ನು; ದಡದ ಮೇಲೆ ನಡೆಯುತ್ತಾ ಕೈಯಲ್ಲಿ ಆಂಟೆನಾ ಹಿಡಿದು ಕೇಳಬಹುದು. ನಮ್ಮ ನೆರೆಯ ಭೂತಾನದಲ್ಲಿ ಮಾನಸ್ ನದಿಯ ಹೊನ್ನಬಣ್ಣದ ಮಹಶೀರ್ ಮೀನುಗಳನ್ನು ಹೀಗೆ ರೇಡಿಯೋ ಕಟ್ಟಿ ಹಿಂಬಾಲಿಸಿದ್ದಾರೆ. ಶೃಂಗೇರಿ, ಶಿಶಿಲಗಳ ದೇವರ ಮೀನು ನೋಡಿದವರಿಗೆ ಮಹಶೀರ್ ಯಾವುದೆಂದು ಬೇರೆ ಹೇಳಬೇಕಿಲ್ಲ. ಅದರ ಬಳಗದ್ದೇ ಅದು. ಶಬ್ದವಾದರೋ ನೀರಿನಲ್ಲಿ ಗಾಳಿಗಿಂತ ನಾಲ್ಕು ಪಟ್ಟು ಬೇಗ ಹೋಗುತ್ತದೆ, ಸೆಕೆಂಡಿಗೆ ಸುಮಾರು 1,500 ಮೀಟರ್.

ಜಾತ್ರೆಯಲ್ಲಿ ಗರ್ನಾಲು ಸಿಡಿದರೆ ಗುಡಿಯ ಹತ್ತಿರದವನಿಗೆ ಮೊದಲು ಕೇಳುತ್ತದೆ, ಕೆರೆ ಏರಿಯ ಮೇಲಿರುವವನಿಗೆ ಒಂದು ಕ್ಷಣ ತಡವಾಗಿ ಕೇಳುತ್ತದೆ. ನಾಲ್ಕು ಕಡೆ ನಾಲ್ಕು ಜನ ನಿಂತು, ತಮಗೆ ಕೇಳಿದ ಗಳಿಗೆಯನ್ನು ಸರಿಯಾಗಿ ಬರೆದಿಟ್ಟುಕೊಂಡರೆ, ಗರ್ನಾಲು ಎಲ್ಲಿ ಸಿಡಿಯಿತೆಂದು ಲೆಕ್ಕ ಹಾಕಿ ಹೇಳಬಹುದು. ಅಣೆಕಟ್ಟಿನ ಗೋಡೆಗೆ ಬೇರೆ ಬೇರೆ ಆಳದಲ್ಲಿ ನೀರೊಳಗಿನ ಕಿವಿಗಳನ್ನು ಕಟ್ಟಿ ಇದೇ ಲೆಕ್ಕ ಮಾಡುತ್ತಾರೆ. ಸೆಕೆಂಡಿನ ಸಾವಿರದಲ್ಲೊಂದು ಭಾಗದ ಅಂತರ ಅಂದರೆ ಒಂದೂವರೆ ಮೀಟರ್. ಹೀಗೆ ಬೆರಳುದ್ದದ ಮರಿಯೊಂದು ಕಟ್ಟೆಯ ಮುಂದೆ ಎಷ್ಟು ಆಳದಲ್ಲಿ ಸುತ್ತಿತು, ಎಷ್ಟು ಹೊತ್ತು ಕಾದಿತು, ಕೊನೆಗೆ ಕೋಡಿಯಲ್ಲಿ ಬಿದ್ದು ಹೋಯಿತೋ, ವಿದ್ಯುತ್ ಚಕ್ರದ ಬಾಯಿಗೆ ಹೋಯಿತೋ ಎಂಬುದು ಗೆರೆ ಎಳೆದ ಹಾಗೆ ಕಾಣುತ್ತದೆ.

ಆ ಗೆರೆ ಕಲಿಸಿದ್ದು ಏನು? ಸಾಲ್ಮನ್ ಮರಿ ಸ್ವಭಾವದಿಂದ ಮೇಲ್ನೀರಿನಲ್ಲೇ, ಮೂರರಿಂದ ಆರು ಮೀಟರ್ ಆಳದೊಳಗೇ ಈಜುತ್ತದೆ. ಕಟ್ಟೆಯ ಕೋಡಿಬಾಗಿಲು ತೆರೆಯುವುದು ನೀರಿನ ಮಟ್ಟದಿಂದ ಹದಿನೈದು ಮೀಟರ್ ಕೆಳಗೆ. ಮರಿಗೆ ಆ ದಾರಿ ಸಿಗದು. ಕಟ್ಟೆಯ ಮುಂದೆ ದಿನಗಟ್ಟಲೆ ಅಲೆದು ಆಯಾಸವಾಗುತ್ತದೆ, ದೊಡ್ಡ ಮೀನಿಗೆ ತುತ್ತಾಗುತ್ತದೆ. ಚಕ್ರದ ಬಾಯಿಗೆ ಹೋದರೆ ಅಲಗಿನ ಪೆಟ್ಟಿಗಿಂತ ಒತ್ತಡದ ಪೆಟ್ಟು ಹೆಚ್ಚು: ಆಳದ ಒತ್ತಡದಿಂದ ತಟ್ಟನೆ ಸಡಿಲಕ್ಕೆ ಬಂದಾಗ ಅದರ ಗಾಳಿಚೀಲ ಉಬ್ಬಿ ಒಡೆಯುತ್ತದೆ. ಇದನ್ನು ಕಂಡಮೇಲೆ 2001ರಲ್ಲಿ ಲೋಯರ್ ಗ್ರಾನೈಟ್ ಕಟ್ಟೆಯಲ್ಲಿ ಮೇಲ್ನೀರೇ ಜಾರಿ ಹೋಗುವ ಹೊಸ ಕೋಡಿ ಇಟ್ಟರು, ನಮ್ಮ ಕೆರೆಗಳ ಕೋಡಿ ಇದ್ದ ಹಾಗೆಯೇ. ಬೇರೆ ಕಟ್ಟೆಗಳಿಗೂ ಅದು ಬಂತು. ವಸಂತದಲ್ಲಿ ಇಳಿಯುವ ಮರಿಗಳಲ್ಲಿ ನೂರಕ್ಕೆ 96 ಪ್ರತಿ ಕಟ್ಟೆಯನ್ನೂ ಜೀವಂತ ದಾಟಬೇಕೆಂದು 2008ರಲ್ಲಿ ಸರ್ಕಾರ ಗುರಿ ಹಾಕಿತು. ದಾಟಿದವೋ ಇಲ್ಲವೋ ಎಂದು ಅಳೆದದ್ದು ಈ ಕೂಗುಬಿಲ್ಲೆಗಳಿಂದ.

ನೂರಕ್ಕೆ 96 ಎಂದರೆ ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಮೊದಲ ಕಟ್ಟೆಯಲ್ಲಿ ನೂರರಲ್ಲಿ ನಾಲ್ಕು ಹೋಯಿತು. ಉಳಿದದ್ದರಲ್ಲಿ ಮತ್ತೆ ಅದೇ ಪ್ರಮಾಣ ಹೋಯಿತು. ಹೀಗೆ ಎಂಟು ಸಲ. ಕೊನೆಗೆ ಉಳಿಯುವುದು 72. ಕಟ್ಟೆಗಳ ನಡುವಿನ ನಿಂತ ನೀರಿನಲ್ಲಿ ಸಾಯುವುದು ಇದಕ್ಕೆ ಸೇರಿಲ್ಲ. ಮರಿಗಳನ್ನು ದೋಣಿಗೆ ತುಂಬಿ ಕಟ್ಟೆಗಳ ಆಚೆ ಒಯ್ದು ಬಿಡುವುದನ್ನೂ ಮಾಡುತ್ತಾರೆ. ಒಯ್ದವುಗಳಲ್ಲಿ ಎಷ್ಟು ಮರಳಿದವು, ಹೊಳೆಯಲ್ಲೇ ಇಳಿದವುಗಳಲ್ಲಿ ಎಷ್ಟು ಮರಳಿದವು ಎಂದು ಮೂಕಬಿಲ್ಲೆಯಿಂದ ಹೋಲಿಸಿದಾಗ, ದೋಣಿ ಒಮ್ಮೆ ಮೇಲು, ಒಮ್ಮೆ ಏನೂ ಮೇಲಲ್ಲ ಎಂದು ಬಂತು. ಸ್ನೇಕ್ ನದಿಯ ಆ ನಾಲ್ಕು ಕಟ್ಟೆಗಳನ್ನು ಒಡೆಯಬೇಕೇ ಇರಿಸಬೇಕೇ ಎಂಬ ವ್ಯಾಜ್ಯ ಹಲವು ದಶಕಗಳದ್ದು. ಬಿಲ್ಲೆ ವ್ಯಾಜ್ಯ ತೀರಿಸುವುದಿಲ್ಲ. ಸುಳ್ಳು ಸಾಕ್ಷಿಗೆ ಎಡೆ ಕಡಿಮೆ ಮಾಡುತ್ತದೆ, ಅಷ್ಟೇ.

ಬಿಲ್ಲೆ ಹಾಕುವವನ ಕೈ ಬಗ್ಗೆಯೂ ಎರಡು ಮಾತು ಹೇಳಬೇಕು. ಹೊರೆ ಹೆಚ್ಚಾದರೆ ಎತ್ತು ಕುಸಿಯುತ್ತದೆ, ಮೀನೂ ಹಾಗೆಯೇ. ಬಿಲ್ಲೆಯ ತೂಕ ಮೀನಿನ ತೂಕದ ನೂರಕ್ಕೆ ಎರಡು ಪಾಲು ಮೀರಬಾರದು ಎಂಬುದು ಬಹುಕಾಲ ಪಾಲಿಸಿಕೊಂಡು ಬಂದ ಲೆಕ್ಕ. ಹತ್ತು ಗ್ರಾಮಿನ ಮರಿಗೆ ಒಂದು ಗ್ರಾಮಿನ ಐದನೆಯ ಒಂದು ಭಾಗ ಮಾತ್ರ ಎಂದಾಯಿತು. ಮೀನಿಗೆ ಮೊದಲು ಮಂಪರಿನ ಮದ್ದು ಬೆರೆಸಿದ ನೀರು. ಲವಂಗದ ಎಣ್ಣೆಯೂ ಈ ಕೆಲಸಕ್ಕೆ ಬರುತ್ತದೆ. ಕಿವಿರಿನ ಮೇಲೆ ನೀರು ಹರಿಯುತ್ತಿರುವಂತೆಯೇ ಹೊಟ್ಟೆಯಲ್ಲಿ ಕೆಲವು ಮಿಲಿಮೀಟರ್ ಸೀಳಿ, ಬಿಲ್ಲೆ ಇಟ್ಟು, ಬೇಕಾದರೆ ಒಂದೆರಡು ಹೊಲಿಗೆ. ಕೆಲವೇ ನಿಮಿಷದ ಕೆಲಸ. ಕೈ ಒರಟಾದರೆ ಮೀನು ಸಾಯುತ್ತದೆ. ಆಮೇಲೆ ಕಟ್ಟೆ ಕೊಂದಿತೆಂದು ಬರೆದರೆ ಅದು ಅನ್ಯಾಯ. ಅದಕ್ಕೇ ಪಳಗಿದವರು ಬಿಲ್ಲೆ ಹಾಕಿದ ಕೆಲವು ಮೀನನ್ನು ತೊಟ್ಟಿಯಲ್ಲೇ ಇಟ್ಟುಕೊಂಡು ನೋಡುತ್ತಾರೆ.

ಸಮುದ್ರದ ಮೀನಿಗೆ ಇನ್ನೊಂದು ಉಪಾಯವಿದೆ. ಕಟ್ಟೆ ಇಲ್ಲ, ಮೆಟ್ಟಿಲಿಲ್ಲ, ಕಿವಿ ಎಲ್ಲಿ ಕಟ್ಟುವುದು? ಅದಕ್ಕೆ ಬೆನ್ನಿಗೆ ಒಂದು ಪೆಟ್ಟಿಗೆ ಸಿಕ್ಕಿಸುತ್ತಾರೆ. ಅದು ಆಳ, ಬಿಸಿ, ಬೆಳಕು ಮೂರನ್ನೂ ಬರೆದುಕೊಳ್ಳುತ್ತಾ ಹೋಗುತ್ತದೆ. ಹಗಲು ಎಷ್ಟು ಉದ್ದ, ನಡುಹಗಲು ಯಾವಾಗ ಎಂಬುದರಿಂದ ಮೀನು ಭೂಮಿಯ ಮೇಲೆ ಎಲ್ಲಿತ್ತು ಎಂದು ಅಂದಾಜು ಸಿಗುತ್ತದೆ. ಗೊತ್ತುಮಾಡಿದ ದಿನ ಕೊಂಡಿ ಕಳಚಿ, ಪೆಟ್ಟಿಗೆ ಮೇಲೆ ತೇಲಿ ಬಂದು, ಉಪಗ್ರಹಕ್ಕೆ ಸುದ್ದಿ ಕಳಿಸುತ್ತದೆ. ಯುರೋಪಿನ ಹಾವುಮೀನು ಎಲ್ಲಿ ಮೊಟ್ಟೆಯಿಡುತ್ತದೆ ಎಂಬುದು ಹಳೆಯ ಒಗಟು. ಸಾರ್ಗ್ಯಾಸೋ ಸಮುದ್ರದಲ್ಲಿ ಎಂದು ಡೆನ್ಮಾರ್ಕಿನ ಯೋಹಾನೆಸ್ ಶ್ಮಿಟ್ 1920ರ ದಶಕದಲ್ಲಿ ಹೇಳಿದ್ದು ಅಲ್ಲಿ ಸಿಕ್ಕಿದ ಪುಟ್ಟ ಮರಿಗಳನ್ನು ನೋಡಿ. ದೊಡ್ಡ ಹಾವುಮೀನು ಅಲ್ಲಿಗೆ ಹೋದದ್ದನ್ನು ಕಂಡವರಿರಲಿಲ್ಲ. ಅಜೋರ್ಸ್ ದ್ವೀಪಗಳಿಂದ 26 ಹಾವುಮೀನುಗಳಿಗೆ ಪೆಟ್ಟಿಗೆ ಕಟ್ಟಿ ಬಿಟ್ಟಾಗ ಐದು ಆ ಸಮುದ್ರದ ಎಲ್ಲೆ ಮುಟ್ಟಿದ್ದು 2022ರಲ್ಲಿ ಪ್ರಕಟವಾಯಿತು. ನಮ್ಮಲ್ಲೂ ಹಳದಿ ರೆಕ್ಕೆಯ ಟ್ಯೂನಾ ಮೀನಿಗೆ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಮತ್ತು ಮೀನುಗಾರಿಕೆ ಸಂಸ್ಥೆಗಳು ಸೇರಿ ಇಂಥ ಪೆಟ್ಟಿಗೆ ಕಟ್ಟಿದ್ದುಂಟು.

ಇಷ್ಟೆಲ್ಲ ಕೇಳಿದಮೇಲೆ, "ನಮ್ಮ ಊರ ಕೆರೆಗೂ ಇದನ್ನು ತರಬಹುದೇ?" ಎಂದು ನೀವು ಕೇಳಿದರೆ, ಬೇಡ ಎನ್ನುತ್ತೇನೆ. ಕೂಗುಬಿಲ್ಲೆ ಒಂದಕ್ಕೆ ನೂರಾರು ಡಾಲರ್, ಉಪಗ್ರಹದ ಪೆಟ್ಟಿಗೆಗೆ ಸಾವಿರಾರು. ಗುತ್ತಿಗೆ ಕೆರೆಯ ಮೀನು ಎಲ್ಲಿಗೂ ಹೋಗುವುದಿಲ್ಲ. ಕೋಡಿಗೆ ಬಲೆ ಕಟ್ಟದೆ ಇದ್ದರೆ ಮಾತ್ರ ಹೋಗುತ್ತದೆ, ಅದಕ್ಕೆ ಬಿಲ್ಲೆ ಬೇಕಿಲ್ಲ, ಬಲೆ ಸಾಕು. ಆದರೆ ನಿಮಗೆ ಗೊತ್ತಿಲ್ಲದೆಯೇ ಮೂಕಬಿಲ್ಲೆಯ ಫಲ ನಿಮ್ಮ ಕೆರೆಗೆ ಬಂದಿರಬಹುದು. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯವರು ನಾರ್ವೆ ದೇಶದ ನೆರವಿನಿಂದ 1992ರಲ್ಲಿ ರೋಹು ತಳಿಯ ಆಯ್ಕೆ ಆರಂಭಿಸಿದರು. ಬೇರೆ ಬೇರೆ ತಂದೆತಾಯಿಯ ಮರಿಗಳನ್ನು ಬೇರೆ ಬೇರೆ ಕೊಳದಲ್ಲಿ ಬೆಳೆಸಿದರೆ ಯಾವ ಮನೆತನ ಮೇಲೆಂದು ಹೇಳಲಾಗದು. ಒಂದು ಕೊಳದ ನೀರೇ ಚೆನ್ನಾಗಿರಬಹುದು. ಅದಕ್ಕೆ ಮರಿ ಸ್ವಲ್ಪ ಬಲಿತೊಡನೆ ಒಂದೊಂದಕ್ಕೂ ಮೂಕಬಿಲ್ಲೆ ಚುಚ್ಚಿ, ಎಲ್ಲ ಮನೆತನವನ್ನೂ ಒಂದೇ ಕೊಳಕ್ಕೆ ಬಿಟ್ಟರು. ಒಂದೇ ನೀರು, ಒಂದೇ ಮೇವು. ತೂಗುವಾಗ ನಂಬರು ನೋಡಿದರೆ ಯಾರ ಮಗ ಎಂದು ಗೊತ್ತು. ಹೀಗೆ ಆರಿಸಿ ಆರಿಸಿ ಬಂದದ್ದೇ 1997ರಲ್ಲಿ ಬಿಡುಗಡೆಯಾದ ಜಯಂತಿ ರೋಹು. ಒಂದೊಂದು ತಲೆಮಾರಿಗೆ ಸರಾಸರಿ ನೂರಕ್ಕೆ 17ರಷ್ಟು ಬೆಳವಣಿಗೆ ಏರಿತು. ಬಿತ್ತನೆ ಮರಿ ಕೊಳ್ಳುವಾಗ ಹೆಸರು ಕೇಳಿ ಕೊಳ್ಳುವುದಕ್ಕೆ ಇದು ಕಾರಣ.

ಬಲೆಗಾರರಿಗೆ ಒಂದು ಕೆಲಸ ಬಾಕಿ ಇದೆ. ಗಂಗಾ ನದಿಗೆ 1975ರಲ್ಲಿ ಫರಕ್ಕಾ ಬ್ಯಾರೇಜು ಬಂದಮೇಲೆ ಹಿಲ್ಸಾ ಮೀನು ಮೇಲಕ್ಕೆ ಹತ್ತುವುದು ಬಹಳ ಕಡಿಮೆಯಾಯಿತು. ಬ್ಯಾರಕ್‌ಪುರದ ಸಂಶೋಧನಾ ಸಂಸ್ಥೆಯವರು ಈಚೆಗೆ ಹಿಲ್ಸಾಗಳಿಗೆ ಬೆನ್ನಿನ ಬಳಿ ನಂಬರಿನ ದಾರ ಚುಚ್ಚಿ ಬ್ಯಾರೇಜಿನ ಮೇಲ್ಗಡೆ ಬಿಡುತ್ತಿದ್ದಾರೆ. ಆ ದಾರಕ್ಕೆ ಬ್ಯಾಟರಿಯಿಲ್ಲ, ಕೂಗಿಲ್ಲ. ಬಲೆಗಾರ ಹೇಳಿದರೇ ಉಂಟು. ಕೊಲಂಬಿಯಾದಲ್ಲಿ ಸಾಲ್ಮನ್ ಮರಿ ತಿನ್ನುವ ಪೈಕ್‌ಮಿನೋ ಮೀನನ್ನು ಹಿಡಿದು ತಂದವರಿಗೆ ಇನಾಮು ಕೊಡುತ್ತಾರೆ; ಅದರಲ್ಲಿ ಗುರುತು ಹಾಕಿದ್ದು ಸಿಕ್ಕಿದರೆ 500 ಡಾಲರ್ ಕೊಟ್ಟದ್ದುಂಟು. ಇನಾಮು ಇರಲಿ ಇಲ್ಲದಿರಲಿ, ನಿಮ್ಮ ಬಲೆಗೆ ಹೊಳೆಯಲ್ಲೋ ಜಲಾಶಯದಲ್ಲೋ ಕಡಲಲ್ಲೋ ಬೆನ್ನಲ್ಲಿ ದಾರ, ಬಿಲ್ಲೆ, ಪೆಟ್ಟಿಗೆ ಇರುವ ಮೀನು ಬಿದ್ದರೆ ಕಿತ್ತು ಎಸೆಯಬೇಡಿ. ಹೊಟ್ಟೆ ಸೀಳುವಾಗ ಗಾಜಿನ ಕಾಳು ಸಿಕ್ಕಿದರೂ ಹಾಗೆಯೇ. ಮೀನು ಜೀವಂತವಿದ್ದರೆ ನಂಬರು ಬರೆದುಕೊಂಡು ಬಿಟ್ಟುಬಿಡುವುದು ಉತ್ತಮ. ಸತ್ತಿದ್ದರೆ ಮೂತಿಯಿಂದ ಬಾಲದ ತುದಿಯವರೆಗೆ ಉದ್ದ, ತೂಕ, ಸಿಕ್ಕಿದ ದಿನ, ಜಾಗ ಇಷ್ಟನ್ನು ಗುರುತಿಸಿ, ಬಿಲ್ಲೆಯ ಸಹಿತ ತಾಲ್ಲೂಕಿನ ಮೀನುಗಾರಿಕೆ ಕಛೇರಿಗೆ ಒಪ್ಪಿಸಿ. ಜಾಗ ಎಂದರೆ ಹೊಳೆಯ ಹೆಸರು ಮಾತ್ರ ಸಾಲದು. ಯಾವ ಊರಿನ ಕಡವು, ಯಾವ ಬಂಡೆಯ ಹತ್ತಿರ ಎಂದು ಬರೆಯಬೇಕು. ಪೆನ್ಸಿಲಿನಲ್ಲೇ ಬರೆಯಿರಿ, ಒದ್ದೆ ಕೈಯಲ್ಲಿ ಶಾಯಿ ಹರಡಿಕೊಳ್ಳುತ್ತದೆ.